ಹಳೆ ಬೊಲೆರೊಗೆ ಸ್ಟಿಕ್ಕರ್, ಕೆಳಗಿನ ಕ್ಲಾಡಿಂಗ್ ಎಲ್ಲಿ ಸಿಗುತ್ತದೆ?

ಕೊಪ್ಪ_ಬೊಲೆರೊ
ಎಲ್ಲರಿಗೂ ನಮಸ್ಕಾರ. ನಮ್ಮದು 2012ರ ಬೊಲೆರೊ ಎಸ್‌ಎಲ್‌ಎಕ್ಸ್, ಬಿಳಿ ಬಣ್ಣ. ಕೊಪ್ಪದ ಹತ್ತಿರ ಅಡಿಕೆ ತೋಟ. ತೋಟದ ಕೆಲಸಕ್ಕೂ ಅದೇ, ಮದುವೆ ಮನೆಗೂ ಅದೇ. ಇಂಜಿನ್ ಚೆನ್ನಾಗಿದೆ, ಗೇರ್ ಬಾಕ್ಸ್ ಚೆನ್ನಾಗಿದೆ. ಹೊರಗಡೆ ಮಾತ್ರ ನೋಡುವ ಹಾಗಿಲ್ಲ.

ಬಾಗಿಲಿನ ಮೇಲಿನ ಸ್ಟಿಕ್ಕರ್ ಎಲ್ಲಾ ಬಿರುಕು ಬಿಟ್ಟಿದೆ. ಎಡಗಡೆ ಹಿಂದಿನ ಬಾಗಿಲಿನದ್ದು ಅರ್ಧ ಉದುರಿಯೇ ಹೋಗಿದೆ. ಬಲಗಡೆಯದು ಬಣ್ಣ ಮಾಸಿದ್ದರೂ ಪೂರ್ತಿ ಇದೆ. ಎಡಗಡೆ ಹಿಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಆರ್ಚ್ ಕಲ್ಲಿಗೆ ತಾಗಿ ಒಡೆದಿದೆ. ಬಾಗಿಲಿನ ಕೆಳಗಿನ ಕ್ಲಾಡಿಂಗ್ (ತಗಡಿನ ಮೇಲೆ ಕೂರಿಸುವ ಪ್ಲಾಸ್ಟಿಕ್ ಪಟ್ಟಿ) ಒಂದು ಕಡೆ ಸಡಿಲ ಆಗಿ, ಮಳೆಗಾಲದಲ್ಲಿ ಅದರ ಹಿಂದೆ ಕೆಸರು ತುಂಬಿಕೊಳ್ಳುತ್ತದೆ.

ನಮ್ಮ ಕಡೆಯ ಶೋರೂಮ್‌ನಲ್ಲಿ ಕೇಳಿದೆ. ಆ ಡಿಸೈನ್ ಸ್ಟಿಕ್ಕರ್ ಈಗ ಬರುವುದಿಲ್ಲ ಅಂದರು. ಹೊಸ ಗಾಡಿಯ ಸ್ಟಿಕ್ಕರ್ ಹಾಕಿ ಅಂತ ಸಲಹೆ ಕೊಟ್ಟರು. ನನಗೆ ಅದು ಬೇಡ. 2012ರ ಗಾಡಿ 2012ರ ಹಾಗೇ ಕಾಣಬೇಕು.

ಹಳೆ ಡಿಸೈನ್ ಎಲ್ಲಿ ಸಿಗುತ್ತದೆ? ಕ್ಲಾಡಿಂಗ್ ಕಂಪನಿಯದೇ ತರಬೇಕಾ, ಫೈಬರ್‌ದು ಸಾಕಾ? ಕೆಳಗೆ ಕೋಟಿಂಗ್ ಏನಾದರೂ ಮಾಡಿಸಬೇಕಾ? 2027ಕ್ಕೆ ಹದಿನೈದು ವರ್ಷ ಆಗುತ್ತದೆ, ಆರ್‌ಸಿ ರಿನೀವಲ್‌ಗೆ ಹೋಗಬೇಕು. ಅಷ್ಟರೊಳಗೆ ಎಲ್ಲಾ ಸರಿ ಮಾಡಿಸುವ ಆಸೆ.

ಘಟ್ಟದ_ದಾರಿ
ಬಲಗಡೆ ಪೂರ್ತಿ ಇದೆ ಅಂದ್ರಲ್ಲ, ಅದನ್ನು ಯಾರಿಗೂ ಕೀಳಲು ಬಿಡಬೇಡಿ! ಮೊದಲು ಅದರ ಅಚ್ಚು ತೆಗೆದುಕೊಳ್ಳಿ.

ಜೆಸಿ_ರೋಡ್
ಬೆಂಗಳೂರಿಗೆ ಬಂದಾಗ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಬೊಲೆರೊ ಪಾರ್ಟ್ಸ್ ಇಲ್ಲ ಅನ್ನುವ ಮಾತೇ ಇಲ್ಲ ಅಲ್ಲಿ. 2000ದಿಂದ ಇವತ್ತಿನವರೆಗೂ ಮಾರುತ್ತಿರುವ ಗಾಡಿ ಅದು. ಕ್ಲಾಡಿಂಗ್, ಆರ್ಚ್, ಕ್ಲಿಪ್ ಎಲ್ಲಾ ಸಿಗುತ್ತದೆ. ಸ್ಟಿಕ್ಕರ್ ಮಾತ್ರ ಅದೃಷ್ಟ. ಹಳೆ ಸ್ಟಾಕ್ ಒಂದೊಂದು ಅಂಗಡಿಯಲ್ಲಿ ಮೂಲೆಯಲ್ಲಿ ಬಿದ್ದಿರುತ್ತದೆ.

ಆದರೆ ಹಳೆ ಸ್ಟಾಕ್ ಸಿಕ್ಕಿತು ಅಂತ ಕಣ್ಣು ಮುಚ್ಚಿ ತರಬೇಡಿ. ಹತ್ತು ವರ್ಷ ಗೋದಾಮಿನಲ್ಲಿದ್ದ ಸ್ಟಿಕ್ಕರ್‌ನ ಗೋಂದು ಒಣಗಿರುತ್ತದೆ. ಹಿಂದಿನ ಕಾಗದವನ್ನು ಮೂಲೆಯಲ್ಲಿ ಸ್ವಲ್ಪ ಬಿಡಿಸಿ ಬೆರಳಿಟ್ಟು ನೋಡಿ. ಬೆರಳಿಗೆ ಅಂಟದಿದ್ದರೆ ಗಾಡಿಗೂ ಅಂಟುವುದಿಲ್ಲ.

ಡೆಂಟಿಂಗ್_ಪೇಂಟಿಂಗ್
ಮೈಸೂರಿನಲ್ಲಿ ಬಾಡಿ ಕೆಲಸ ಮಾಡುತ್ತೇನೆ. ಕೊಪ್ಪದ ಸರ್, ನೀವು ಕೇಳಿದ ಮೂರು ಪ್ರಶ್ನೆಗಳ ಕ್ರಮವೇ ಉಲ್ಟಾ ಇದೆ. ಮೊದಲು ಕೆಳಗಿನ ತಗಡು, ಆಮೇಲೆ ಕ್ಲಾಡಿಂಗ್, ಕೊನೆಗೆ ಸ್ಟಿಕ್ಕರ್.

ಕ್ಲಾಡಿಂಗ್ ಹಿಂದೆ ಕೆಸರು ತುಂಬುತ್ತದೆ ಅಂತ ನೀವೇ ಬರೆದಿದ್ದೀರಿ. ಆ ಕೆಸರು ಒಣಗುವುದೇ ಇಲ್ಲ. ಹೊರಗೆ ಬಿಸಿಲಿದ್ದರೂ ಒಳಗೆ ತೇವ ಹಿಡಿದುಕೊಂಡಿರುತ್ತದೆ. ಪ್ಲಾಸ್ಟಿಕ್ ಅಲುಗಾಡಿ ಬಣ್ಣ ಉಜ್ಜುತ್ತದೆ. ಬಣ್ಣ ಹೋದ ಜಾಗಕ್ಕೆ ಆ ತೇವ ತಾಗಿ ತುಕ್ಕು ಶುರು. ಹೊರಗಿನಿಂದ ಏನೂ ಕಾಣುವುದಿಲ್ಲ. ಕಾಣುವ ಹೊತ್ತಿಗೆ ತೂತು ಬಿದ್ದಿರುತ್ತದೆ.

ಆದ್ದರಿಂದ ಎರಡೂ ಕಡೆಯ ಕ್ಲಾಡಿಂಗ್ ಪೂರ್ತಿ ಬಿಚ್ಚಿಸಿ. ನೀರು ಹೊಡೆದು ತೊಳೆಸಿ, ಬಿಸಿಲಿಗೆ ಒಣಗಿಸಿ. ಸ್ಕ್ರೂಡ್ರೈವರ್ ಹಿಡಿಯಿಂದ ಬಾಗಿಲಿನ ಕೆಳಗಿನ ತಗಡಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಟಣ್ ಅಂದರೆ ತಗಡು ಗಟ್ಟಿ. ದಬ್ ಅಂತ ಸದ್ದು ಸತ್ತರೆ ಅಲ್ಲಿ ಪುಟ್ಟಿ ಇದೆ, ಇಲ್ಲಾ ತುಕ್ಕು ತಿಂದಿದೆ. ಮೇಲ್ಮೈ ತುಕ್ಕಾದರೆ ಬ್ರಷ್ ಹಾಕಿ ತೆಗೆದು, ರಸ್ಟ್ ಕನ್ವರ್ಟರ್ ಹಚ್ಚಿ, ಎಪಾಕ್ಸಿ ಪ್ರೈಮರ್ ಹೊಡೆದು ಬಣ್ಣ ಮಾಡಿಸಿ. ತೂತು ಬಿದ್ದಿದ್ದರೆ ಆ ಭಾಗ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಬೇಕು. ತೂತಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದು ಕೊಡುವವರೂ ಇದ್ದಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಗುಳ್ಳೆ ಎದ್ದಿರುತ್ತದೆ.

ತೋಟದಮನೆ
ಇದು ನೂರಕ್ಕೆ ನೂರು ನಿಜ. ನಮ್ಮದು ಸಕಲೇಶಪುರ, ಹಳೆ ಸ್ಕಾರ್ಪಿಯೋ. ಹೊರಗಿನಿಂದ ಫಳಫಳ ಅಂತಿತ್ತು. ಕ್ಲಾಡಿಂಗ್ ತೆಗೆದಾಗ ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಅದರ ಕೆಳಗಿನ ತಗಡು ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು.

ಕಡಲತೀರ
ಘಟ್ಟದ ಮೇಲಿನವರು ಮಳೆ ಅಂತೀರಿ. ನಮ್ಮ ಕುಂದಾಪುರದ ಕಡೆ ಬಂದು ನೋಡಿ ಮಾರಾಯ್ರೆ. ಮಳೆಯೂ ಇದೆ, ಉಪ್ಪು ಗಾಳಿಯೂ ಇದೆ. ಮೀನಿನ ಲಾರಿ ಹೋದ ದಾರಿಯ ತುಂಬಾ ಉಪ್ಪು ನೀರು ಸುರಿದಿರುತ್ತದೆ. ಅದರ ಹಿಂದೆ ಹೋದರೆ ಗಾಡಿಯ ಅಡಿಗೆ ಉಪ್ಪಿನ ಸ್ನಾನ. ಇಲ್ಲಿ ಅಡಿಭಾಗ ತೊಳೆಯದವನ ಗಾಡಿ ಉಳಿಯುವುದಿಲ್ಲ.

ಘಟ್ಟದ_ದಾರಿ
ಮಳೆ ವಿಷಯಕ್ಕೆ ನಮ್ಮ ಜತೆ ಪೈಪೋಟಿ ಬೇಡ ಅಣ್ಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಬೀಳುತ್ತದೆ. ಕೊಪ್ಪ ಅಲ್ಲಿಂದ ಎಷ್ಟು ದೂರ ಹೇಳಿ.

ಕಡಲತೀರ
ಮಳೆ ನಿಮ್ಮದೇ ಇರಲಿ, ಉಪ್ಪು ನಮ್ಮದು. ತುಕ್ಕಿಗೆ ಉಪ್ಪೇ ಜಾಸ್ತಿ ಬೇಕು.

ರೇಡಿಯಂ_ಕಟಿಂಗ್
ಶಿವಮೊಗ್ಗದಲ್ಲಿ ಸ್ಟಿಕ್ಕರ್ ಅಂಗಡಿ ಇಟ್ಟಿದ್ದೇನೆ. ಸ್ಟಿಕ್ಕರ್ ವಿಷಯ ನಾನು ಹೇಳುತ್ತೇನೆ.

ಕೊಪ್ಪದವರು ಡಿಸೈನ್ ಎಲ್ಲಿ ಸಿಗುತ್ತದೆ ಅಂತ ಹುಡುಕುವುದೇ ಬೇಡ. ಡಿಸೈನ್ ಅವರ ಬಲಗಡೆ ಬಾಗಿಲಲ್ಲೇ ಇದೆ. ಬಟರ್ ಪೇಪರ್ ದೊಡ್ಡ ಹಾಳೆ ತನ್ನಿ. ಸ್ಟಿಕ್ಕರ್ ಮೇಲೆ ಹರಡಿ ಮಾಸ್ಕಿಂಗ್ ಟೇಪ್‌ನಿಂದ ಬಿಗಿಯಾಗಿ ಅಂಟಿಸಿ. ಸಣ್ಣ ತುದಿಯ ಮಾರ್ಕರ್ ಹಿಡಿದು ಅಂಚಿನ ಮೇಲೆಯೇ ಗೆರೆ ಎಳೆಯಿರಿ. ಬಾಗಿಲಿನ ಅಂಚು, ಹ್ಯಾಂಡಲ್, ಕ್ಲಾಡಿಂಗ್‌ನ ಮೇಲಿನ ಗೆರೆ ಮೂರನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿ. ಇದನ್ನು ಮರೆತರೆ ಸ್ಟಿಕ್ಕರ್ ಸರಿಯಾಗಿ ಕಟ್ ಆಗಿದ್ದರೂ ಎಲ್ಲಿ ಕೂರಿಸಬೇಕು ಅಂತ ಗೊತ್ತಾಗುವುದಿಲ್ಲ. ಪ್ರತಿ ಬಾಗಿಲಿಗೂ, ಫೆಂಡರ್‌ಗೂ ಬೇರೆ ಬೇರೆ ಹಾಳೆ.

ಜತೆಗೆ ಫೋಟೋ. ಗಾಡಿಯಿಂದ ದೂರ ನಿಂತು ಝೂಮ್ ಮಾಡಿ, ಕ್ಯಾಮೆರಾ ಬಾಗಿಲಿಗೆ ನೇರ ಇರಬೇಕು. ಹತ್ತಿರ ನಿಂತು ತೆಗೆದರೆ ಅಂಚು ಬಾಗಿ ಬರುತ್ತದೆ. ಬಾಗಿಲ ಮೇಲೆ ಒಂದು ಸ್ಟೀಲ್ ಸ್ಕೇಲ್ ಅಂಟಿಸಿ ತೆಗೆಯಿರಿ, ಅಳತೆ ಸಿಗುತ್ತದೆ. ನಮ್ಮಲ್ಲಿ ಕೋರಲ್‌ಡ್ರಾದಲ್ಲಿ ಅದರ ಮೇಲೆ ಗೆರೆ ಕಟ್ಟುತ್ತೇವೆ. ಎಡಗಡೆಗೆ ಅದನ್ನೇ ಮಗುಚಿದರೆ ಆಯಿತು. ಅಕ್ಷರಗಳನ್ನು ಮಾತ್ರ ಮಗುಚಬಾರದು. ಅವುಗಳ ಜಾಗ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ.

ಹೊಸಬ_2024
ರೇಡಿಯಂ ಅಣ್ಣ, ಸ್ಟಿಕ್ಕರ್ ಎಷ್ಟು ವರ್ಷ ಬಾಳುತ್ತದೆ? ನಾನು ಹಾಕಿಸಿದ್ದು ಒಂದೇ ಬೇಸಿಗೆಗೆ ಸುತ್ತಲೂ ಕುಗ್ಗಿ, ಅಂಚಲ್ಲಿ ಕಪ್ಪು ಗೋಂದು ಕಾಣುತ್ತಿದೆ.

ರೇಡಿಯಂ_ಕಟಿಂಗ್
ನಿಮಗೆ ಹಾಕಿದ್ದು ಕ್ಯಾಲೆಂಡರ್ಡ್ ವಿನೈಲ್. ಬೋರ್ಡ್‌ಗೆ, ಗಾಜಿಗೆ ಹಾಕುವ ಮಾಲು. ವಿನೈಲ್‌ನಲ್ಲಿ ಎರಡು ಜಾತಿ. ಒಂದನ್ನು ಬಿಸಿ ರೋಲರ್‌ಗಳ ನಡುವೆ ಒತ್ತಿ ಎಳೆದು ಹಾಳೆ ಮಾಡುತ್ತಾರೆ. ಅದೇ ಕ್ಯಾಲೆಂಡರ್ಡ್. ಎಳೆದು ಮಾಡಿದ್ದರಿಂದ ಬಿಸಿಲು ತಾಗಿದಾಗ ಮೊದಲಿನ ಅಳತೆಗೆ ವಾಪಸ್ ಹೋಗಲು ನೋಡುತ್ತದೆ. ಅದಕ್ಕೇ ಕುಗ್ಗುವುದು. ಇನ್ನೊಂದು ಕಾಸ್ಟ್ ವಿನೈಲ್. ದ್ರವವನ್ನು ಹಾಳೆಯ ಮೇಲೆ ತೆಳ್ಳಗೆ ಹರಡಿ ಒಲೆಯಲ್ಲಿ ಒಣಗಿಸುತ್ತಾರೆ. ಎಳೆತ ಇಲ್ಲ, ಕುಗ್ಗುವುದೂ ಇಲ್ಲ ಅನ್ನಬಹುದು. ದಪ್ಪ ಸುಮಾರು 50 ಮೈಕ್ರಾನ್. ತೆಳ್ಳಗಿರುವುದರಿಂದ ಬಾಗಿಲಿನ ಉಬ್ಬು ತಗ್ಗುಗಳ ಮೇಲೆ ಬಣ್ಣದ ಹಾಗೆ ಕೂರುತ್ತದೆ.

3ಎಂ, ಏವರಿ ಡೆನಿಸನ್, ಒರಾಫಾಲ್ ಮೂರರಲ್ಲೂ ಎರಡೂ ಜಾತಿ ಇದೆ. ಅದಕ್ಕೇ ಬರೀ ಕಂಪನಿ ಹೆಸರು ಕೇಳಿ ಒಪ್ಪಬೇಡಿ. ಒರಾಕಲ್ 651 ಕ್ಯಾಲೆಂಡರ್ಡ್, 951 ಕಾಸ್ಟ್. ರೋಲ್ ತೋರಿಸಿ ಅಂತ ಕೇಳಿ, ಹಿಂದಿನ ಕಾಗದದ ಮೇಲೆ ಸಾಮಾನ್ಯವಾಗಿ ಬರೆದಿರುತ್ತದೆ. ಕಾಸ್ಟ್‌ಗೆ ದುಡ್ಡು ಎಷ್ಟೋ ಜಾಸ್ತಿ. ಗಾಡಿಗೆ ಹಾಕುವುದಾದರೆ ಅದೇ ಸರಿ.

ಮಸ್ಕತ್_ಕನ್ನಡಿಗ
ಇಲ್ಲಿನ ಬಿಸಿಲಲ್ಲಿ ನೋಡಿದ್ದು ಹೇಳುತ್ತೇನೆ. ಬಾನೆಟ್ ಮೇಲಿನ ಸ್ಟಿಕ್ಕರ್ ಬಾಗಿಲಿನದ್ದಕ್ಕಿಂತ ಎಷ್ಟೋ ಮೊದಲು ಸಾಯುತ್ತದೆ. ಮೇಲ್ಮುಖವಾಗಿ ಇರುವುದಕ್ಕೆ ನೇರ ಬಿಸಿಲು, ಕೆಳಗಿನಿಂದ ಇಂಜಿನ್ ಬಿಸಿ. ಬೊಲೆರೊಗೆ ಬಾಗಿಲ ಮೇಲೆ ಮಾತ್ರ ಹಾಕುವುದಾದರೆ ಚಿಂತೆ ಕಡಿಮೆ. ಪ್ರಿಂಟ್ ಮಾಡಿದ ಸ್ಟಿಕ್ಕರ್ ಆದರೆ ಮೇಲೆ ಯುವಿ ಲ್ಯಾಮಿನೇಷನ್ ಇಲ್ಲದೆ ಹಾಕಿಸಬೇಡಿ. ಕೆಂಪು, ಹಳದಿ ಎಲ್ಲಕ್ಕಿಂತ ಮೊದಲು ಮಾಸುತ್ತವೆ.

ರೇಡಿಯಂ_ಕಟಿಂಗ್
ಸರಿಯಾಗಿ ಹೇಳಿದ್ರಿ ಸರ್. ಒಂದೇ ಬಣ್ಣದ ಪಟ್ಟಿಯಾದರೆ ಬಣ್ಣದ ವಿನೈಲ್ ಕಟ್ ಮಾಡುವುದೇ ಒಳ್ಳೆಯದು, ಬಣ್ಣ ಹಾಳೆಯೊಳಗೇ ಇರುತ್ತದೆ. ಚುಕ್ಕಿ ಚುಕ್ಕಿಯಾಗಿ ಮಾಸುತ್ತಾ ಹೋಗುವ ಡಿಸೈನ್ ಇದ್ದರೆ ಪ್ರಿಂಟ್ ಬೇಕೇ ಬೇಕು.

ಧಾರವಾಡ_ಮಳಿ
ನನಗೊಂದು ಮಾತು ಹೇಳಬೇಕು ಅನಿಸುತ್ತದೆ ನೋಡ್ರಿ. ಸ್ಟಿಕ್ಕರ್ ಯಾಕೆ? ಪೇಂಟರ್ ಕೈಯಲ್ಲಿ ಬರೆಸಿ. ನಮ್ಮ ಹುಬ್ಬಳ್ಳಿ ಕಡೆ ಲಾರಿ ಮೇಲೆ ಬರೆಯುವವರು ಇನ್ನೂ ಇದ್ದಾರೆ. ಅಚ್ಚು ಕತ್ತರಿಸಿ, ಮಾಸ್ಕಿಂಗ್ ಮಾಡಿ, ಬಣ್ಣ ಸ್ಪ್ರೇ ಹೊಡೆದು, ಮೇಲೆ ಕ್ಲಿಯರ್ ಕೋಟ್ ಹೊಡೆದರೆ ಏಳುವುದಿಲ್ಲ, ಕುಗ್ಗುವುದಿಲ್ಲ.

ಡೆಂಟಿಂಗ್_ಪೇಂಟಿಂಗ್
ಕೆಲಸ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಆದರೆ ತೋಟದ ದಾರಿಯಲ್ಲಿ ಲಂಟಾನ ಪೊದೆ ಬಾಗಿಲಿಗೆ ಕೆರೆಯುತ್ತದೆ. ಸ್ಟಿಕ್ಕರ್ ಕೆರೆದರೆ ಆ ಒಂದು ತುಂಡು ಬದಲಿಸಬಹುದು. ಬಣ್ಣ ಕೆರೆದರೆ ಬಾಗಿಲು ಪೂರ್ತಿ ಮತ್ತೆ ಬೂತ್‌ಗೆ.

ಧಾರವಾಡ_ಮಳಿ
ಸ್ಟಿಕ್ಕರ್ ಕೆರೆದಾಗ ಅದೇ ಬಣ್ಣದ ವಿನೈಲ್ ಮತ್ತೆ ಸಿಗುತ್ತದೆ ಅಂತ ಯಾರು ಹೇಳಿದರು? ಹಳೆ ತುಂಡಿನ ಪಕ್ಕ ಹೊಸ ತುಂಡು ಎದ್ದು ಕಾಣುತ್ತದೆ. ನಾನಂತೂ ಪೇಂಟ್ ಕಡೆಗೇ.

ರೇಡಿಯಂ_ಕಟಿಂಗ್
ಇಬ್ಬರದ್ದೂ ಸರಿ. ಅದಕ್ಕೇ ನಾನು ಗಿರಾಕಿಗಳಿಗೆ ಒಂದೇ ರೋಲ್‌ನಿಂದ ಎರಡು ಸೆಟ್ ಕಟ್ ಮಾಡಿಸಿಕೊಳ್ಳಿ ಅಂತೇನೆ. ಕಟಿಂಗ್ ಫೈಲ್ ಕೂಡ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ನಾಳೆ ನನ್ನ ಅಂಗಡಿ ಇಲ್ಲದಿದ್ದರೂ ಬೇರೆ ಯಾರಾದರೂ ಮಾಡಿಕೊಡುತ್ತಾರೆ.

ಕೊಪ್ಪ_ಬೊಲೆರೊ
ಎಲ್ಲರಿಗೂ ಧನ್ಯವಾದ. ಇಷ್ಟು ಬೇಗ ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಡೆಂಟಿಂಗ್ ಸರ್ ಹೇಳಿದ ಹಾಗೆ ಸಡಿಲ ಇದ್ದ ಎಡಗಡೆ ಕ್ಲಾಡಿಂಗ್ ಬಿಚ್ಚಿದೆವು. ಮುಂದಿನ ಬಾಗಿಲ ಕೆಳಗೆ ಮೇಲ್ಮೈ ತುಕ್ಕು. ಹಿಂದಿನ ಚಕ್ರದ ಮುಂದೆ, ಫುಟ್‌ಬೋರ್ಡ್ (ಬಾಗಿಲ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ತಗಡು) ಮುಗಿಯುವ ಕಡೆ, ಅಂಗೈ ಅಗಲದಷ್ಟು ಜಾಗ ಕೆಟ್ಟಿದೆ. ಬಲಗಡೆ ಅಷ್ಟು ಇಲ್ಲ. ಒಂದೇ ಕಡೆ ಯಾಕೆ ಹೀಗೆ?

ಘಟ್ಟದ_ದಾರಿ
ಹಿಂದೆ ಏನೇನು ಹೇರುತ್ತೀರಿ? ಬೋರ್ಡೋ ದ್ರಾವಣದ (ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್, ಜತೆಗೆ ಸುಣ್ಣ) ಡ್ರಮ್ ಹೇರುತ್ತೀರಾ?

ಕೊಪ್ಪ_ಬೊಲೆರೊ
ಹೇರುತ್ತೇವೆ. ಮೇಲಿನ ತೋಟಕ್ಕೆ ಮೈಲುತುತ್ತದ ನೀರು ಗಾಡಿಯಲ್ಲೇ ಹೋಗುವುದು. ಡ್ರಮ್ ಎಡಗಡೆಯೇ ಇಡುವುದು.

ಘಟ್ಟದ_ದಾರಿ
ಉತ್ತರ ಸಿಕ್ಕಿತಲ್ಲ! ಅಡಿಕೆಯ ಕೊಳೆರೋಗಕ್ಕೆ ಔಷಧಿ ಮಾಡುವಾಗ ಸುಣ್ಣ ಸಾಕಾಯಿತಾ ಅಂತ ನೋಡಲು ಕತ್ತಿ ಅದ್ದುತ್ತೇವಲ್ಲ? ಸುಣ್ಣ ಕಡಿಮೆ ಇದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಅಲ್ಲಿ ಆಗುವುದೇ ಗಾಡಿಯ ತಗಡಿನಲ್ಲೂ ಆಗುತ್ತದೆ. ಮೈಲುತುತ್ತದ ನೀರು ಕಬ್ಬಿಣವನ್ನು ಕರಗಿಸಿಕೊಂಡು ತಾಮ್ರವನ್ನು ಬಿಡುತ್ತದೆ. ಆಮೇಲೆ ತಾಮ್ರ, ಕಬ್ಬಿಣ, ತೇವ ಮೂರೂ ಒಂದೇ ಕಡೆ ಇದ್ದರೆ ತುಕ್ಕು ಇನ್ನೂ ಜೋರು. ಸುಣ್ಣ ಸೇರಿಸಿ ಸರಿ ಮಾಡಿದ ದ್ರಾವಣ ಅಷ್ಟು ತಿನ್ನುವುದಿಲ್ಲ. ಬರೀ ತುತ್ತದ ನೀರು ಚೆಲ್ಲಿದರೆ ಮ್ಯಾಟ್ ಕೆಳಗೆ ಇಳಿದು, ಜಾಯಿಂಟ್ ಹಿಡಿದು, ಕೊನೆಗೆ ಫುಟ್‌ಬೋರ್ಡ್ ಒಳಗೆ ನಿಲ್ಲುತ್ತದೆ.

ತೋಟದಮನೆ
ಪೊಟ್ಯಾಷ್ ಚೀಲವೂ ಹಾಗೇ. ತೋಟಕ್ಕೆ ಹಾಕುವ ಎಂಒಪಿ ಅಂದರೆ ಪೊಟ್ಯಾಷಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಅಣ್ಣತಮ್ಮ ಅದು. ಚೀಲ ಸೋರಿ ಮ್ಯಾಟ್ ಕೆಳಗೆ ಬಿದ್ದ ಪುಡಿ ಮಳೆಗಾಲದ ತೇವ ಹೀರಿಕೊಂಡು ಉಪ್ಪು ನೀರಾಗುತ್ತದೆ. ನಾವು ಈಗ ಗೊಬ್ಬರ ಹೇರುವಾಗ ದಪ್ಪ ಟಾರ್ಪಾಲ್ ಹಾಸಿ, ಅದರ ಅಂಚನ್ನು ಎತ್ತಿ ಕಟ್ಟುತ್ತೇವೆ. ಮನೆಗೆ ಬಂದ ಮೇಲೆ ಟಾರ್ಪಾಲ್ ಹೊರಗೆ ತೆಗೆದು ತೊಳೆಯುವುದು ಕಡ್ಡಾಯ.

ಡೆಂಟಿಂಗ್_ಪೇಂಟಿಂಗ್
ಇಬ್ಬರೂ ಬಹಳ ಒಳ್ಳೆಯ ಮಾತು ಹೇಳಿದ್ದೀರಿ. ಕೊಪ್ಪದ ಸರ್, ಹಾಗಾದರೆ ಒಳಗಿನ ಮ್ಯಾಟ್ ಕೂಡ ಎತ್ತಿಸಿ. ಫುಟ್‌ಬೋರ್ಡ್ ಕೆಳಗೆ ನೀರು ಇಳಿಯಲು ಸಣ್ಣ ತೂತುಗಳಿವೆ. ಕೆಸರು ಕಟ್ಟಿ ಮುಚ್ಚಿರುತ್ತವೆ. ತಂತಿ ಹಾಕಿ ಬಿಡಿಸಿ, ಒಳಗೆ ಸಿಹಿ ನೀರು ಬಿಟ್ಟು ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಆ ತೂತಿನಿಂದಲೇ ಉದ್ದ ನಳಿಕೆ ಇಟ್ಟು ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಸಿ.

ಹೊಸಬ_2024
ಆಂಟಿ ರಸ್ಟ್ ಕಪ್ಪು ಕೋಟಿಂಗ್ ಹೊಡೆಸಿದರೆ ಸಾಕಲ್ವಾ? ವಾಟರ್ ವಾಶ್ ಮಾಡುವಲ್ಲೇ ಹೊಡೆಯುತ್ತಾರೆ.

ಡೆಂಟಿಂಗ್_ಪೇಂಟಿಂಗ್
ಹೊಸ ಗಾಡಿಗೆ ಒಳ್ಳೆಯದು. ಹಳೆ ಗಾಡಿಗೆ ತುಕ್ಕಿನ ಮೇಲೆಯೇ ಹೊಡೆದರೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಡಾಂಬರಿನಂಥ ಕೋಟಿಂಗ್ ಒಣಗಿ ಸೀಳು ಬಿಡುತ್ತದೆ. ಸೀಳಿನೊಳಗೆ ನೀರು ಹೋಗುತ್ತದೆ, ಹೊರಗೆ ಬರುವುದಿಲ್ಲ. ಮೇಲೆ ಕಪ್ಪಗೆ ಚೆಂದ, ಒಳಗೆ ತಗಡು ಪದರ ಪದರವಾಗಿ ಏಳುತ್ತಿರುತ್ತದೆ. ಹೊಡೆಯುವ ಅವಸರದಲ್ಲಿ ನೀರಿಳಿಯುವ ತೂತುಗಳನ್ನೂ ಮುಚ್ಚಿಬಿಡುತ್ತಾರೆ. ಮೊದಲು ಟೇಪ್ ಹಾಕಿ ಆ ತೂತು ಮುಚ್ಚಿ, ಹೊಡೆದ ಮೇಲೆ ಟೇಪ್ ಕೀಳಬೇಕು. ಸೈಲೆನ್ಸರ್, ಬ್ರೇಕ್, ಪ್ರೊಪೆಲ್ಲರ್ ಶಾಫ್ಟ್ ಮೇಲೆ ಒಂದು ಹನಿಯೂ ಬೀಳಬಾರದು.

ಕ್ವಾಲಿಸ್_ಪ್ರೇಮಿ
ಬಿಡದಿಯಲ್ಲಿ ತಯಾರಾದ ನಮ್ಮ ಟೊಯೊಟಾ ಕ್ವಾಲಿಸ್‌ಗೂ ಇದೇ ಕಥೆ. 2005ಕ್ಕೇ ನಿಂತುಹೋದ ಗಾಡಿ. ಬೊಲೆರೊದವರು ಪುಣ್ಯವಂತರು, ಕೌಂಟರ್‌ನಲ್ಲಿ ಕೇಳಿದರೆ ಪಾರ್ಟ್ ಸಿಗುತ್ತದೆ.

ಜೆಸಿ_ರೋಡ್
ಆರ್ಚ್ ತರುವಾಗ ಒಂದು ಎಚ್ಚರ. ಬೊಲೆರೊ ಹೊರಗೆ ಒಂದೇ ಥರ ಕಂಡರೂ ಎಲ್ಲಾ ವರ್ಷದ್ದು ಒಂದೇ ಅಲ್ಲ. 2011ರಲ್ಲಿ ಮುಖ ಬದಲಾಯಿತು. 2016ರ ಪವರ್ ಪ್ಲಸ್‌ನಲ್ಲಿ ಉದ್ದವನ್ನು 4 ಮೀಟರ್ ಒಳಗೆ ತಂದರು. 4,107 ಮಿ.ಮೀ. ಇದ್ದದ್ದು 3,995ಕ್ಕೆ ಇಳಿಯಿತು. ಅದಕ್ಕೇ ಮುಂದಿನ ಭಾಗದ ತುಂಡು ತರುವಾಗ ಬರೀ ಬೊಲೆರೊ ಅಂತ ಕೇಳಬೇಡಿ. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿಸ್ ನಂಬರ್ ಪೂರ್ತಿ ಕೊಡಿ. ಎಂಎ1 ಅಂತ ಶುರುವಾಗುತ್ತದಲ್ಲ, ಅದು. ಅದರಿಂದ ಕೌಂಟರ್‌ನವರು ಪಾರ್ಟ್ ನಂಬರ್ ತೆಗೆಯುತ್ತಾರೆ. ಆ ನಂಬರ್ ಬರೆದುಕೊಂಡರೆ ಯಾವ ಊರಲ್ಲಿ ಬೇಕಾದರೂ ಕೇಳಬಹುದು.

ಕಡಲತೀರ
ಕಂಪನಿಯದು ಸಿಗುವಾಗ ಫೈಬರ್ ಯಾಕೆ ಬೇಕು? ಫೈಬರ್ ಆರ್ಚ್ ಕಲ್ಲು ತಾಗಿದ ಕೂಡಲೇ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಸ್ವಲ್ಪ ಬಾಗಿ ವಾಪಸ್ ಬರುತ್ತದೆ.

ಡೆಂಟಿಂಗ್_ಪೇಂಟಿಂಗ್
ಹೌದು. ಒಡೆದದ್ದನ್ನೂ ಬಿಸಾಡಬೇಡಿ. ತಿರುಗಿಸಿ ಹಿಂಭಾಗ ನೋಡಿ. ಅದು ಯಾವ ಪ್ಲಾಸ್ಟಿಕ್ ಅಂತ ಅಚ್ಚೊತ್ತಿರುತ್ತಾರೆ. ಪಿಪಿ ಅಂತ ಇದ್ದರೆ ಗಮ್ ಕೆಲಸ ಮಾಡುವುದಿಲ್ಲ, ಅದೇ ಜಾತಿಯ ಕಡ್ಡಿ ಇಟ್ಟು ಬಿಸಿ ಗಾಳಿಯಲ್ಲಿ ಬೆಸುಗೆ ಹಾಕಬೇಕು. ಎಬಿಎಸ್ ಅಂತ ಇದ್ದರೆ ಗಮ್‌ನಿಂದಲೂ ಹಿಡಿಯುತ್ತದೆ. ಬಣ್ಣ ಹೊಡೆಯುವಾಗಲೂ ಅಷ್ಟೇ. ಪಿಪಿ ಮೇಲೆ ಪ್ಲಾಸ್ಟಿಕ್ ಪ್ರೈಮರ್ ಹಾಕದೆ ಹೊಡೆದ ಬಣ್ಣ ವಾಟರ್ ವಾಶ್‌ನಲ್ಲೇ ಸಿಪ್ಪೆಯಾಗಿ ಬರುತ್ತದೆ.

ಮತ್ತೆ, ಕ್ಲಾಡಿಂಗ್ ಕೂರಿಸುವಾಗ ಹತ್ತಿರ ನಿಂತು ನೋಡಿ. ಕ್ಲಿಪ್ ಇಲ್ಲ ಅಂತ ತಗಡಿಗೆ ನೇರವಾಗಿ ಸ್ಕ್ರೂ ಹೊಡೆಯುವ ಅಭ್ಯಾಸ ಎಷ್ಟೋ ಕಡೆ ಇದೆ. ಒಂದೊಂದು ಸ್ಕ್ರೂ ತೂತೂ ಒಂದೊಂದು ತುಕ್ಕಿನ ಬಾವಿ. ಕ್ಲಿಪ್ ಸೆಟ್ ಹೊಸದು ತನ್ನಿ, ಬೆಲೆ ಏನೂ ಇಲ್ಲ. ಹಳೆ ಸ್ಕ್ರೂ ತೂತು ಇದ್ದರೆ ಪ್ರೈಮರ್ ಹಚ್ಚಿ ನೈಲಾನ್ ಗ್ರೋಮೆಟ್ ಕೂರಿಸಿ.

ಹೊಸಬ_2024
ಕೆಳಗೆ ಇಷ್ಟೆಲ್ಲಾ ಮಾಡುವಾಗ ಮುಂದೆ ಬಂಪರ್‌ಗೆ ಒಂದು ದಪ್ಪ ಬುಲ್‌ಬಾರ್ (ಕಬ್ಬಿಣದ ಗಾರ್ಡ್) ಹಾಕಿಸಿಬಿಡಿ ಅಣ್ಣ. ಲುಕ್ ಬರುತ್ತದೆ.

ಜೆಸಿ_ರೋಡ್
ಬೇಡ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್‌ಬಾರ್, ಕ್ರ್ಯಾಶ್‌ಗಾರ್ಡ್ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಎಲ್ಲಾ ರಾಜ್ಯಗಳಿಗೂ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂಗೆ ವಿರುದ್ಧ. ಆರ್‌ಸಿ ರಿನೀವಲ್‌ಗೆ ಹೋಗುವ ಗಾಡಿಗೆ ಇಲ್ಲದ ತಲೆನೋವು ಯಾಕೆ?

ಹೊಸಬ_2024
ಎಷ್ಟೋ ಜನ ಹಾಕಿಕೊಂಡೇ ಓಡಾಡುತ್ತಿದ್ದಾರಲ್ಲ.

ತೋಟದಮನೆ
ಅವರು ಹಾಕಿಕೊಂಡಿದ್ದಾರೆ ಅಂತ ಅದು ಸರಿಯಾಗುವುದಿಲ್ಲ ತಮ್ಮಾ. ನಡೆದು ಹೋಗುವವರಿಗೆ ಆ ಕಬ್ಬಿಣ ತಾಗಿದರೆ ಏನಾಗುತ್ತದೆ ಯೋಚಿಸು. ಬಂಪರ್ ಸ್ವಲ್ಪವಾದರೂ ಪೆಟ್ಟು ನುಂಗುತ್ತದೆ. ಬುಲ್‌ಬಾರ್ ಪೆಟ್ಟನ್ನು ಎದುರಿನವನಿಗೇ ಕೊಡುತ್ತದೆ, ಉಳಿದದ್ದನ್ನು ಚಾಸಿಸ್‌ಗೆ ಕಳಿಸುತ್ತದೆ.

ಕೊಪ್ಪ_ಬೊಲೆರೊ
ಬುಲ್‌ಬಾರ್ ನನಗೂ ಬೇಡ. ಕಲ್ಲು ಸಿಡಿದು ಬಾಗಿಲ ಕೆಳಗೆ, ಆರ್ಚ್ ಹಿಂದೆ ಬಣ್ಣ ಹೋಗುವುದಕ್ಕೆ ಏನಾದರೂ ಹೇಳಿ. ನಮ್ಮ ದಾರಿ ಜಲ್ಲಿ ಹಾಕಿದ್ದು.

ಡೆಂಟಿಂಗ್_ಪೇಂಟಿಂಗ್
ಮೊದಲು ಅಗಲವಾದ ರಬ್ಬರ್ ಮಡ್‌ಫ್ಲ್ಯಾಪ್, ನಾಲ್ಕಕ್ಕೂ. ಅತಿ ಕಡಿಮೆ ಖರ್ಚು, ಅತಿ ಜಾಸ್ತಿ ಲಾಭ. ಆಮೇಲೆ ಕ್ಲಾಡಿಂಗ್ ಹಿಂದೆ ಮುಚ್ಚಿಹೋಗುವ ತಗಡಿಗೆ, ಆರ್ಚ್ ಒಳಗೆ ಸ್ಟೋನ್ ಗಾರ್ಡ್ ಹೊಡೆಸಿ. ತರಿತರಿಯಾಗಿ ಕೂರುವ ರಬ್ಬರ್‌ನಂಥ ಕೋಟಿಂಗ್ ಅದು. ಕಲ್ಲು ತಾಗಿದರೆ ಪುಟಿಯುತ್ತದೆ. ಎಪಾಕ್ಸಿ ಪ್ರೈಮರ್ ಮೇಲೆ ಹೊಡೆದರೆ ಮಾತ್ರ ಬಾಳುತ್ತದೆ.

ಮಸ್ಕತ್_ಕನ್ನಡಿಗ
ಪಿಪಿಎಫ್ (ಬಣ್ಣ ಕಾಪಾಡುವ ಪಾರದರ್ಶಕ ಫಿಲ್ಮ್) ಹಾಕಬಹುದಲ್ಲ? ಬಾಗಿಲ ಕೆಳಗಿನ ಅರ್ಧಕ್ಕೆ ಮಾತ್ರ.

ರೇಡಿಯಂ_ಕಟಿಂಗ್
ಹಾಕಬಹುದು ಸರ್. ಆ ಟಿಪಿಯು (ರಬ್ಬರ್‌ನಂಥ ಪ್ಲಾಸ್ಟಿಕ್) ಫಿಲ್ಮ್ 150ರಿಂದ 200 ಮೈಕ್ರಾನ್ ಇರುತ್ತದೆ, ಸ್ಟಿಕ್ಕರ್‌ಗಿಂತ ಮೂರ್ನಾಲ್ಕು ಪಟ್ಟು ದಪ್ಪ. ಸಣ್ಣ ಕಲ್ಲು ತಡೆಯುತ್ತದೆ. ಆದರೆ ರೀಪೇಂಟ್ ಮಾಡಿದ ಬಾಗಿಲಿಗೆ ಎಚ್ಚರ. ಬಣ್ಣದ ಹಿಡಿತ ಗಟ್ಟಿ ಇಲ್ಲದಿದ್ದರೆ ಮುಂದೆ ಫಿಲ್ಮ್ ತೆಗೆಯುವಾಗ ಬಣ್ಣವೂ ಜತೆಗೆ ಬರುತ್ತದೆ. ತೋಟದ ಬೊಲೆರೊಗೆ ಹಿಂದಿನ ಆರ್ಚ್‌ನ ಮುಂದೆ ಒಂದು ಪಟ್ಟಿ ಸಾಕು. ಪೂರ್ತಿ ಹಾಕುವ ದುಡ್ಡಲ್ಲಿ ಬೇರೆ ಎಷ್ಟೋ ಕೆಲಸ ಆಗುತ್ತದೆ.

ಧಾರವಾಡ_ಮಳಿ
ಸ್ಟಿಕ್ಕರ್ ಹಾಕಿಸಿದರೆ ಆರ್‌ಟಿಒ ತಕರಾರು ಮಾಡುತ್ತಾರೇನು?

ಜೆಸಿ_ರೋಡ್
ಗಾಡಿಯ ಬಣ್ಣ ಆರ್‌ಸಿಯಲ್ಲಿ ಬಿಳಿ ಅಂತಿದ್ದು ಗಾಡಿಯೂ ಬಿಳಿಯೇ ಇದ್ದರೆ ಕಂಪನಿ ಡಿಸೈನ್‌ನ ಪಟ್ಟಿಗೆ ಯಾರೂ ಏನೂ ಅನ್ನುವುದಿಲ್ಲ. ಪೂರ್ತಿ ಬಣ್ಣ ಬದಲಾಯಿಸಿದರೆ ಆರ್‌ಸಿಯಲ್ಲಿ ಬರೆಸಬೇಕು. ನಂಬರ್ ಪ್ಲೇಟ್ ಮೇಲೆ ಮಾತ್ರ ಏನನ್ನೂ ಅಂಟಿಸಬೇಡಿ. 2019ರ ಏಪ್ರಿಲ್ 1ಕ್ಕಿಂತ ಮುಂಚಿನ ಗಾಡಿಗೂ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಬೇಕು, ಹಾಕಿಸಿಲ್ಲದಿದ್ದರೆ ಮೊದಲು ಅದನ್ನು ಮುಗಿಸಿ.

ಕಡಲತೀರ
ಎಚ್‌ಎಸ್‌ಆರ್‌ಪಿ ಮಾತು ಎತ್ತಬೇಡಿ, ಈ ಚರ್ಚೆ ಇನ್ನು ಮುಗಿಯುವುದೇ ಇಲ್ಲ!

ಕೊಪ್ಪ_ಬೊಲೆರೊ
ಎಚ್‌ಎಸ್‌ಆರ್‌ಪಿ ಆಗಿದೆ. ಬಲಗಡೆ ಸ್ಟಿಕ್ಕರ್ ಅಚ್ಚು ತೆಗೆದು ಆಯಿತು, ಬಟರ್ ಪೇಪರ್ ಉಪಾಯ ಚೆನ್ನಾಗಿ ಕೆಲಸ ಮಾಡಿತು. ಈಗ ಹಳೆಯದನ್ನು ಕೀಳುವುದು ಹೇಗೆ? ಬ್ಲೇಡ್ ಹಾಕಿದರೆ ಬಣ್ಣ ಹೋಗುವ ಹೆದರಿಕೆ.

ರೇಡಿಯಂ_ಕಟಿಂಗ್
ಕಬ್ಬಿಣದ ಬ್ಲೇಡ್ ಬೇಡವೇ ಬೇಡ. ಹೇರ್ ಡ್ರೈಯರ್‌ನಿಂದ ಕೈ ಇಡಬಹುದಾದಷ್ಟು ಬಿಸಿ ಮಾಡಿ. ಮೂಲೆಯನ್ನು ಉಗುರಲ್ಲಿ ಎಬ್ಬಿಸಿ, ಓರೆಯಾಗಿ ನಿಧಾನಕ್ಕೆ ಎಳೆಯಿರಿ. ಬಿರುಕು ಬಿಟ್ಟದ್ದು ಚೂರು ಚೂರಾಗಿ ಬರುತ್ತದೆ, ತಾಳ್ಮೆ ಬೇಕು. ಉಳಿದ ಗೋಂದಿಗೆ ಬಟ್ಟೆಯಲ್ಲಿ ಸೀಮೆಎಣ್ಣೆ ಅದ್ದಿ ಉಜ್ಜಿ, ತಕ್ಷಣ ಶಾಂಪೂ ನೀರಲ್ಲಿ ತೊಳೆಯಿರಿ. ಥಿನ್ನರ್ ಮುಟ್ಟಬೇಡಿ, ಬಣ್ಣ ಕರಗುತ್ತದೆ. ಸ್ಟಿಕ್ಕರ್ ಇದ್ದ ಜಾಗದಲ್ಲಿ ನೆರಳಿನ ಹಾಗೆ ಗುರುತು ಕಾಣುತ್ತದೆ. ಅದೇ ಡಿಸೈನ್ ಅದೇ ಜಾಗಕ್ಕೆ ಬಂದರೆ ಆ ನೆರಳು ಮುಚ್ಚಿಹೋಗುತ್ತದೆ. ಹೊಸ ಗಾಡಿಯ ಡಿಸೈನ್ ಹಾಕಿದ್ದರೆ ಎರಡೂ ಕಾಣುತ್ತಿತ್ತು. ನೀವು ಹಠ ಹಿಡಿದದ್ದು ಒಳ್ಳೆಯದೇ ಆಯಿತು.

ಡೆಂಟಿಂಗ್_ಪೇಂಟಿಂಗ್
ಬಾಗಿಲಿಗೆ ಎಲ್ಲಿ ಹೊಸ ಬಣ್ಣ ಹೊಡೆಯುತ್ತೀರೋ ಅಲ್ಲಿ ತಕ್ಷಣ ಸ್ಟಿಕ್ಕರ್ ಹಾಕಬೇಡಿ. ಹೊಸ ಬಣ್ಣದಿಂದ ಕೆಲವು ವಾರ ಆವಿ ಬರುತ್ತಿರುತ್ತದೆ. ಮೇಲೆ ಮುಚ್ಚಿದರೆ ಗುಳ್ಳೆ. ಒಂದು ತಿಂಗಳು ಸುಮ್ನೆ ಬಿಡಿ.

ರೇಡಿಯಂ_ಕಟಿಂಗ್
ಹೌದು, ಮತ್ತೆ ಹಾಕುವ ದಿನ ಮಳೆ ಇರಬಾರದು. ಬಾಗಿಲಿಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ, ಶಾಂಪೂ ಎರಡು ಹನಿ ಹಾಕಿದ ನೀರು ಸಿಂಪಡಿಸಿ, ಸ್ಟಿಕ್ಕರ್ ಜಾರಿಸಿ ಜಾಗಕ್ಕೆ ತಂದು, ಮಧ್ಯದಿಂದ ಅಂಚಿಗೆ ಸ್ಕ್ವೀಜಿ ಎಳೆಯಬೇಕು. ಬಾಗಿಲು ಸೇರುವ ಕಡೆ ಕಟ್ ಮಾಡಿ ಅಂಚನ್ನು ಒಳಗೆ ಮಡಚಬೇಕು. ಹಾಕಿದ ಒಂದು ವಾರ ಪ್ರೆಷರ್ ವಾಶ್ ಬೇಡ. ಆಮೇಲೂ ನಳಿಕೆಯನ್ನು ಅಂಚಿಗೆ ಹತ್ತಿರ ಹಿಡಿಯಬಾರದು.

ಕ್ವಾಲಿಸ್_ಪ್ರೇಮಿ
ರೇಡಿಯಂ ಅಣ್ಣ, ನನ್ನ ಕ್ವಾಲಿಸ್‌ನ ಎರಡೂ ಕಡೆ ಸ್ಟಿಕ್ಕರ್ ಪೂರ್ತಿ ಹೋಗಿದೆ. ಬಟರ್ ಪೇಪರ್ ಇಡಲು ಏನೂ ಉಳಿದಿಲ್ಲ. ದಾರಿ ಇದೆಯಾ?

ರೇಡಿಯಂ_ಕಟಿಂಗ್
ಇದೆ. ಬಿಸಿಲು ಇಳಿಯುವ ಹೊತ್ತಿಗೆ ಗಾಡಿಯನ್ನು ಅಡ್ಡ ಬೆಳಕಿಗೆ ನಿಲ್ಲಿಸಿ ನೋಡಿ. ನಾನು ಹೇಳಿದ ನೆರಳಿನ ಗುರುತು ಬಾಗಿಲಲ್ಲಿ ಕಂಡರೆ ಅದರ ಮೇಲೆಯೇ ಅಚ್ಚು ತೆಗೆಯಬಹುದು. ರೀಪೇಂಟ್ ಆಗಿದ್ದರೆ ಆ ಗುರುತೂ ಇರುವುದಿಲ್ಲ. ಆಗ ನಿಮ್ಮ ಮಾಡೆಲ್‌ನದೇ ಇನ್ನೊಂದು ಗಾಡಿ ಹುಡುಕಬೇಕು. ಎಫ್‌ಎಸ್, ಜಿಎಸ್, ಆರ್‌ಎಸ್‌ನಲ್ಲಿ ನಿಮ್ಮದು ಯಾವುದು ಹೇಳಿ.

ಕ್ವಾಲಿಸ್_ಪ್ರೇಮಿ
ಜಿಎಸ್, 2003. ರೀಪೇಂಟ್ ಆಗಿದೆ.

ತೋಟದಮನೆ
ನಮ್ಮ ಪಕ್ಕದ ಎಸ್ಟೇಟ್‌ನಲ್ಲಿ ಒಂದು ಜಿಎಸ್ ನಿಂತಿದೆ, ಸ್ಟಿಕ್ಕರ್ ಇದ್ದ ಹಾಗೆ ನೆನಪು. ಭಾನುವಾರ ಹೋಗಿ ಅವರನ್ನು ಕೇಳಿ, ಸ್ಕೇಲ್ ಇಟ್ಟು ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ. ಒಪ್ಪಿದರೆ ಬಟರ್ ಪೇಪರ್ ಕೂಡ ತೆಗೆದುಕೊಂಡು ಹೋಗುತ್ತೇನೆ.